1453ರಲ್ಲಿ ದಾರಿ ಮುಚ್ಚಿತು ಅಂತ ಪೋರ್ಚುಗೀಸರು ಹೊರಟರಾ?

ಸೀಮೆಸುಣ್ಣ:
ಹೈಸ್ಕೂಲಿನ ಸಮಾಜ ಪಾಠದಲ್ಲಿ ನಾವೆಲ್ಲ ಒಂದು ಮಾತು ಬಾಯಿಪಾಠ ಮಾಡಿದ್ದೇವೆ. 1453ರಲ್ಲಿ ಆಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದರು, ವ್ಯಾಪಾರದ ದಾರಿ ಮುಚ್ಚಿತು, ಅದಕ್ಕೇ ಯುರೋಪಿನವರು ಭಾರತಕ್ಕೆ ಹೊಸ ಜಲಮಾರ್ಗ ಹುಡುಕಿದರು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೇವೆ.

ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಲೆಕ್ಕ ತಾಳೆಯಾಗುವುದಿಲ್ಲ. ಪೋರ್ಚುಗೀಸರು ಜಿಬ್ರಾಲ್ಟರ್ ಎದುರಿನ ಸ್ಯೂಟಾ ಬಂದರು ಹಿಡಿದದ್ದು 1415ರಲ್ಲಿ. ಆಫ್ರಿಕಾ ಕರಾವಳಿಯ ಬೊಜಡೋರ್ ಭೂಶಿರ ದಾಟಿದ್ದು 1434ರಲ್ಲಿ. ಎರಡೂ 1453ಕ್ಕಿಂತ ಮೊದಲೇ. ಇನ್ನು ವಾಸ್ಕೋ ಡ ಗಾಮ ಕಲ್ಲಿಕೋಟೆ ಮುಟ್ಟಿದ್ದು 1498ರಲ್ಲಿ. ದಾರಿ ಮುಚ್ಚಿತು ಅಂತ ಗಾಬರಿಯಾದವರು 45 ವರ್ಷ ತೆಗೆದುಕೊಳ್ಳುತ್ತಾರಾ? ತಿಳಿದವರು ಹೇಳಿ.

ನಿವೃತ್ತ ಮೇಷ್ಟ್ರು:
ಕೇಳಬೇಕಾದ ಪ್ರಶ್ನೆಯೇ. ಮೊದಲು ಮೆಣಸು ಯುರೋಪಿಗೆ ಯಾವ ದಾರಿಯಲ್ಲಿ ಹೋಗುತ್ತಿತ್ತು ನೋಡಿ. ಮಲಬಾರಿನಿಂದ ಹಡಗಿನಲ್ಲಿ ಕೆಂಪು ಸಮುದ್ರಕ್ಕೆ, ಜೆಡ್ಡಾ ಮೇಲಿಂದ ಕೈರೋಗೆ, ಅಲ್ಲಿಂದ ಅಲೆಕ್ಸಾಂಡ್ರಿಯಾಗೆ. ವೆನಿಸ್ಸಿನ ವ್ಯಾಪಾರಿಗಳು ಅಲ್ಲಿ ಕಾದು ಕೂತಿರುತ್ತಿದ್ದರು. ಇನ್ನೊಂದು ದಾರಿ ಹೋರ್ಮುಜ್, ಬಸ್ರಾ ಕಡೆಯಿಂದ ಸಿರಿಯಾಕ್ಕೆ. ಈ ಎರಡರಲ್ಲೂ ಕಾನ್‌ಸ್ಟಾಂಟಿನೋಪಲ್ ಅಡ್ಡ ಬರುವುದಿಲ್ಲ. ಈಜಿಪ್ಟ್, ಸಿರಿಯಾ ಎರಡೂ ಆಗ ಮಾಮ್ಲುಕ್ ಸುಲ್ತಾನರ ಕೈಯಲ್ಲಿದ್ದವು. ತುರ್ಕರು ಅವನ್ನು ಗೆದ್ದದ್ದು 1516-17ರಲ್ಲಿ. ಅಷ್ಟೊತ್ತಿಗೆ ಪೋರ್ಚುಗೀಸ್ ಗವರ್ನರ್ ಆಲ್ಬುಕರ್ಕ್ ಗೋವಾ, ಮಲಕ್ಕಾ, ಹೋರ್ಮುಜ್ ಮೂರನ್ನೂ ಹಿಡಿದು ತೀರಿಕೊಂಡೂ ಆಗಿತ್ತು.

ಹಾಗಂತ 1453ಕ್ಕೆ ಏನೂ ಬೆಲೆಯಿಲ್ಲ ಅಂತಲ್ಲ. ಏಟು ಬಿದ್ದದ್ದು ಇಟಲಿಯ ಜಿನೋವಾದವರಿಗೆ. ಕಪ್ಪು ಸಮುದ್ರದ ಸುತ್ತ ಅವರ ವ್ಯಾಪಾರ ಜೋರಾಗಿತ್ತು. 1475ರಲ್ಲಿ ಅಲ್ಲಿನ ಕಾಫಾ ಪಟ್ಟಣವೂ ತುರ್ಕರ ಪಾಲಾಯಿತು. ಅವರ ದುಡ್ಡು ಲಿಸ್ಬನ್, ಸೆವಿಲ್ ಕಡೆಗೆ, ಮಡೀರಾ ದ್ವೀಪದ ಕಬ್ಬಿನ ಗದ್ದೆಗಳ ಕಡೆಗೆ ಇನ್ನೂ ಜಾಸ್ತಿ ಹರಿಯಿತು. ಆದರೆ ಅವರ ನಂಟು ಹೊಸದಲ್ಲ. ಪೋರ್ಚುಗಲ್ ದೊರೆ ದಿನಿಸ್ 1317ರಲ್ಲೇ ಜಿನೋವಾದ ಪೆಸಾನ್ಯೊ ಎಂಬವನನ್ನು ಕರೆಸಿ ನೌಕಾಪಡೆಯ ಮುಖ್ಯಸ್ಥನನ್ನಾಗಿ ಮಾಡಿದ್ದ.

ಲೆಕ್ಕದ ಪುಸ್ತಕ:
ಮೇಷ್ಟ್ರು ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ. ಮೊದಲ ಐವತ್ತು ವರ್ಷ ಅವರ ಕಣ್ಣು ಇದ್ದದ್ದು ಮೆಣಸಿನ ಮೇಲಲ್ಲ, ಚಿನ್ನದ ಮೇಲೆ. ಪಶ್ಚಿಮ ಆಫ್ರಿಕಾದ ಚಿನ್ನ ಒಂಟೆಗಳ ಮೇಲೆ ಸಹಾರಾ ದಾಟಿ ಮೊರಾಕೊ ಕಡೆಗೆ ಬರುತ್ತಿತ್ತು. ಸ್ಯೂಟಾ ಹಿಡಿದರೆ ಆ ಚಿನ್ನ ಕೈಗೆ ಬರುತ್ತದೆ ಅಂದುಕೊಂಡರು. ಆದರೆ ಊರು ಪರರ ಪಾಲಾದ ಮೇಲೆ ವ್ಯಾಪಾರಿಗಳು ಬೇರೆ ಊರು ನೋಡಿಕೊಂಡರು. ಉಳಿದದ್ದು ಕೋಟೆ ಕಾಯುವ ಖರ್ಚು ಮಾತ್ರ. ಆಗ ಹೊಳೆದ ಉಪಾಯ, ಸಮುದ್ರದ ಮೇಲೇ ದಕ್ಷಿಣಕ್ಕೆ ಹೋಗಿ ಚಿನ್ನ ಸಿಗುವ ಜಾಗವನ್ನೇ ಮುಟ್ಟುವುದು. ರಾಜಕುಮಾರ ಹೆನ್ರಿಕ್ ಹಡಗು ಕಳಿಸಿದ್ದರ ಹಿಂದೆ ಧರ್ಮ, ಮಾನ, ಕುತೂಹಲ ಎಲ್ಲವೂ ಇತ್ತು. ಆದರೆ ಖರ್ಚು ಹುಟ್ಟಬೇಕಲ್ಲ.

ನನಗೆ ತುಂಬಾ ಹಿಡಿಸಿದ ದಾಖಲೆ 1469ರದ್ದು. ದೊರೆ ಐದನೇ ಅಫೊನ್ಸೊಗೆ ಮೊರಾಕೊ ಯುದ್ಧದ ಹುಚ್ಚು, ಕರಾವಳಿ ಹುಡುಕುವುದರಲ್ಲಿ ಆಸಕ್ತಿ ಕಡಿಮೆ. ಅವನು ಗಿನಿ ಕರಾವಳಿಯ ವ್ಯಾಪಾರವನ್ನು ಫೆರ್ನಾವ್ ಗೋಮೆಸ್ ಎಂಬ ಲಿಸ್ಬನ್ ವರ್ತಕನಿಗೆ ಐದು ವರ್ಷ ಗುತ್ತಿಗೆ ಕೊಟ್ಟುಬಿಟ್ಟ. ಷರತ್ತು ಎರಡು. ವರ್ಷಕ್ಕೆ 2 ಲಕ್ಷ ರೈಸ್ (ಆಗಿನ ಪೋರ್ಚುಗೀಸ್ ಹಣ) ಬಾಡಿಗೆ ಕಟ್ಟಬೇಕು, ಮತ್ತೆ ವರ್ಷಕ್ಕೆ 100 ಲೀಗ್, ಅಂದರೆ 500 ಕಿಲೋಮೀಟರಿಗೂ ಮೇಲೆ, ಹೊಸ ಕರಾವಳಿ ಹುಡುಕಿಕೊಡಬೇಕು. ಭೂಗೋಳವನ್ನೇ ಟೆಂಡರ್ ಕರೆದ ಹಾಗೆ! 1471ರಲ್ಲಿ ಅವನ ಜನ ಈಗಿನ ಘಾನಾ ತೀರದಲ್ಲಿ ಚಿನ್ನದ ವ್ಯಾಪಾರ ಕಂಡುಕೊಂಡರು. ಗುತ್ತಿಗೆ ಮುಗಿಯುವಾಗ ಭೂಮಧ್ಯರೇಖೆ ದಾಟಿಯಾಗಿತ್ತು.

ಸುಮ್ನೆ ಓದುಗ:
ಅಂದ್ರೆ ಪರಿಶೋಧನೆ ಮಾಡಿದ್ದು ಗುತ್ತಿಗೆದಾರ. ಚೆನ್ನಾಗಿದೆ. ಹಾಗಾದ್ರೆ ಇಂಡಿಯಾ ಅವರ ತಲೆಗೆ ಬಂದದ್ದು ಯಾವಾಗ?

ನಿವೃತ್ತ ಮೇಷ್ಟ್ರು:
ಪಕ್ಕಾ ಯೋಜನೆಯಾಗಿ ಬಂದದ್ದು ಎರಡನೇ ಜೊವಾವ್ ದೊರೆಯ ಕಾಲದಲ್ಲಿ, 1481ರ ನಂತರ. ಚಿನ್ನದ ವ್ಯಾಪಾರ ಬೇರೆಯವರ ಕೈ ಸೇರಬಾರದು ಅಂತ ಅವನು 1482ರಲ್ಲಿ ಅದೇ ಘಾನಾ ತೀರದಲ್ಲಿ ಎಲ್ಮಿನಾ ಕೋಟೆ ಕಟ್ಟಿಸಿದ. ಕಲ್ಲುಗಳನ್ನು ಪೋರ್ಚುಗಲ್‌ನಲ್ಲೇ ಕಡೆಸಿ ಹಡಗಿನಲ್ಲಿ ಕಳಿಸಿದ್ದ. ಅದೇ ಹೊತ್ತಿಗೆ ಡಿಯೋಗೊ ಕಾವ್ ಕಾಂಗೋ ನದಿಯ ಬಾಯಿಗೆ ಹೋದ.

1487ರಲ್ಲಿ ದೊರೆ ಒಂದೇ ಗುರಿಗೆ ಎರಡು ಕಡೆಯಿಂದ ಜನ ಕಳಿಸಿದ. ಬಾರ್ತೊಲೊಮಿಯು ಡಿಯಾಸ್ ಕಡಲ ದಾರಿಯಲ್ಲಿ ಹೋಗಿ 1488ರಲ್ಲಿ ಆಫ್ರಿಕಾದ ದಕ್ಷಿಣ ತುದಿ ಸುತ್ತಿ ಬಂದ. ಪೆರೊ ಡ ಕೊವಿಲ್ಯಾ ಅರಬ್ಬಿ ಮಾತಾಡುತ್ತಿದ್ದವನು. ವೇಷ ಮರೆಸಿಕೊಂಡು ಕೈರೋ, ಏಡನ್ ದಾಟಿ ಕಣ್ಣಾನೂರು, ಕಲ್ಲಿಕೋಟೆ, ಗೋವಾ, ಹೋರ್ಮುಜ್ ಎಲ್ಲ ಸುತ್ತಿದ. ಗಾಮನಿಗಿಂತ ಹತ್ತು ವರ್ಷ ಮೊದಲು ಪಡುವಣ ಕರಾವಳಿ ನೋಡಿದ ಪೋರ್ಚುಗೀಸ ಇವನು. ಕೊನೆಗೆ ಇಥಿಯೋಪಿಯಾಕ್ಕೆ ಹೋದವನನ್ನು ಅಲ್ಲಿಯ ದೊರೆ ಹೊರಗೆ ಬಿಡಲೇ ಇಲ್ಲ. ಮನೆ, ಜಮೀನು, ಸಂಸಾರ ಎಲ್ಲ ಅಲ್ಲೇ ಆಯಿತು.

ತೇಜೋ ದಂಡೆ:
ಲಿಸ್ಬನ್‌ನಲ್ಲಿ ಇರುವ ಕನ್ನಡತಿ ನಾನು. ಚಿನ್ನದ ಜೊತೆ ಇನ್ನೊಂದು ಸರಕಿನ ಹೆಸರು ಇಲ್ಲಿ ಯಾರೂ ಹೇಳಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮನುಷ್ಯರು.

1444ರ ಆಗಸ್ಟ್‌ನಲ್ಲಿ ಪೋರ್ಚುಗಲ್‌ನ ದಕ್ಷಿಣದ ಲಾಗೋಸ್ ಪಟ್ಟಣದಲ್ಲಿ ಹಡಗುಗಳಿಂದ 235 ಜನರನ್ನು ಇಳಿಸಿದರು. ಆಫ್ರಿಕಾ ತೀರದಿಂದ ಹಿಡಿದು ತಂದವರು. ಊರ ಹೊರಗಿನ ಬಯಲಿನಲ್ಲಿ ಪಾಲು ಮಾಡಿದರು. ತಾಯಂದಿರು ಮಕ್ಕಳನ್ನು ಅಪ್ಪಿಕೊಂಡು ನೆಲಕ್ಕೆ ಬೀಳುತ್ತಿದ್ದರು ಅಂತ ಆಸ್ಥಾನದ ಚರಿತ್ರೆಕಾರ ಜುರಾರಾನೇ ಬರೆದಿದ್ದಾನೆ. ಅವನು ಹೆನ್ರಿಕ್‌ನನ್ನು ಹೊಗಳಲು ಕೂತವನು, ಆದರೂ ಅದನ್ನು ಬಿಡಲಾಗಲಿಲ್ಲ. ಐದನೇ ಒಂದು ಪಾಲು, 46 ಜನ, ಹೆನ್ರಿಕ್‌ಗೆ. ಅವನು ಕುದುರೆಯ ಮೇಲೆ ಕೂತು ನೋಡುತ್ತಿದ್ದ.

ಇಲ್ಲಿ ಲಿಸ್ಬನ್‌ನ ಬೆಲೆಂನಲ್ಲಿ ನದಿಯ ಪಕ್ಕ ಪರಿಶೋಧಕರ ದೊಡ್ಡ ಸ್ಮಾರಕವಿದೆ. ಈಗಿರುವ ಕಲ್ಲಿನದು 1960ರದ್ದು. ಹಡಗಿನ ಮೂತಿಯ ಹಾಗೆ ಕಟ್ಟಿದ್ದಾರೆ, ತುದಿಯಲ್ಲಿ ಹೆನ್ರಿಕ್ ಕೈಯಲ್ಲಿ ಪುಟ್ಟ ಹಡಗು. ಎದುರಿಗೇ ಜೆರೊನಿಮೊಸ್ ಮಠ, ಒಳಗೆ ಗಾಮನ ಸಮಾಧಿ. ಕಂಬಗಳ ಮೇಲೆ ಹಗ್ಗದ ಹುರಿಗಳನ್ನು ಕಲ್ಲಲ್ಲೇ ಹೆಣೆದಿದ್ದಾರೆ. ಆಫ್ರಿಕಾ, ಏಷ್ಯಾ ವ್ಯಾಪಾರದ ಮೇಲಿನ ಶೇ. 5 ತೆರಿಗೆಯಲ್ಲಿ ಕಟ್ಟಿದ್ದು. ನಮ್ಮ ಮೆಣಸಿನ ದುಡ್ಡೂ ಅದರಲ್ಲಿದೆ. ಊರಿನಿಂದ ಬಂದ ನೆಂಟರೆಲ್ಲ ಫೋಟೋ ತೆಗೆಸಿಕೊಂಡು ಹೋಗುತ್ತಾರೆ, ಇಷ್ಟನ್ನಾದರೂ ಹೇಳಿ ಕಳಿಸೋಣ ಅಂತ ನನ್ನ ಆಸೆ.

ಮಲ್ಪೆ ಬೋಟು:
ದುಡ್ಡಿನ ವಿಷಯ ಎಲ್ಲರೂ ಹೇಳಿದ್ರಿ. ಗಾಳಿಯ ಬಗ್ಗೆ ಯಾರೂ ಮಾತಾಡ್ಲಿಲ್ಲ. ಬೊಜಡೋರ್ ದಾಟಲು ಜನ ಯಾಕೆ ಹೆದರುತ್ತಿದ್ದರು? ಕುದಿಯುವ ಸಮುದ್ರ, ರಾಕ್ಷಸರು ಅಂತೆಲ್ಲ ಕಥೆ ಹೇಳುತ್ತಾರೆ. ನಿಜವಾದ ತೊಂದರೆ ಬೇರೆ. ಅಲ್ಲಿ ಗಾಳಿ ಹೆಚ್ಚುಕಡಿಮೆ ವರ್ಷವಿಡೀ ಉತ್ತರ, ಈಶಾನ್ಯದಿಂದ ಬೀಸುತ್ತದೆ. ಹೋಗುವಾಗ ಬೆನ್ನಿಗೆ ಗಾಳಿ, ಆರಾಮ. ವಾಪಸ್ ಬರುವಾಗ ಅದೇ ಗಾಳಿ ಮುಖಕ್ಕೆ. ನೀರು, ಊಟ ಮುಗಿಯುವುದರೊಳಗೆ ಮನೆ ಮುಟ್ಟುತ್ತೇವೋ ಇಲ್ಲವೋ ಅನ್ನುವ ಹೆದರಿಕೆ ಯಾವ ಕಡಲಿನವನಿಗೂ ಇರುತ್ತದೆ.

ಅವರು ಕಂಡುಕೊಂಡ ದಾರಿ ನೋಡಿ. ಮನೆ ಈಶಾನ್ಯಕ್ಕಿದೆ, ಇವರು ಹಡಗನ್ನು ವಾಯವ್ಯಕ್ಕೆ ತಿರುಗಿಸಿ ನಡುಸಮುದ್ರಕ್ಕೆ ಹೋಗುತ್ತಾರೆ. ಅಜೋರ್ಸ್ ದ್ವೀಪಗಳ ಹತ್ತಿರ ಪಡುಗಾಳಿ ಸಿಗುತ್ತದೆ. ಅದನ್ನು ಹಿಡಿದು ಸೀದಾ ಲಿಸ್ಬನ್. ದೂರ ಜಾಸ್ತಿ, ದಿನ ಕಡಿಮೆ. ಇದನ್ನು ವೊಲ್ಟಾ ದೊ ಮಾರ್ ಅನ್ನುತ್ತಿದ್ದರು. ದಡ ಕಾಣದೆ ವಾರಗಟ್ಟಲೆ ಹೋಗುವ ಧೈರ್ಯ ಬಂದದ್ದೇ ಇದರಿಂದ. ಕ್ಯಾರವೆಲ್ ಅನ್ನುವ ಹಗುರ ಹಡಗು, ಅದರ ಮೂರು ಮೂಲೆಯ ಹಾಯಿ ಎಲ್ಲ ಸಹಾಯಕ್ಕೆ ಬಂತು. ಓರೆಗಾಳಿಯಲ್ಲೂ ಮುಂದೆ ಹೋಗುತ್ತದೆ, ತಳ ಆಳವಿಲ್ಲದ್ದರಿಂದ ಅಳಿವೆ ಒಳಗೂ ನುಗ್ಗುತ್ತದೆ.

ಗಾಮ ಇದನ್ನೇ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ತಿರುಗಿಸಿ ಮಾಡಿದ. ಕೇಪ್ ವರ್ಡೆ ದ್ವೀಪಗಳನ್ನು 1497ರ ಆಗಸ್ಟ್ ಮೊದಲ ವಾರ ಬಿಟ್ಟು ನಡುಸಾಗರದಲ್ಲಿ ದೊಡ್ಡ ಬಿಲ್ಲಿನಂತೆ ಸುತ್ತಿ, ನವೆಂಬರ್ ಮೊದಲ ವಾರ ದಕ್ಷಿಣ ಆಫ್ರಿಕಾದ ದಡ ಕಂಡ. ಮೂರು ತಿಂಗಳು ನೆಲ ಕಂಡಿಲ್ಲ. ಕೊಲಂಬಸ್ ಕ್ಯಾನರಿ ಬಿಟ್ಟು ನೆಲ ಕಂಡದ್ದು 36 ದಿನಕ್ಕೆ.

ಸುಮ್ನೆ ಓದುಗ:
ಮೂರು ತಿಂಗಳು ನೆಲ ಇಲ್ಲದೆ ಎಲ್ಲಿದ್ದೀವಿ ಅಂತ ಹೇಗೆ ಗೊತ್ತಾಗ್ತಿತ್ತು ಬೋಟಣ್ಣ?

ಮಲ್ಪೆ ಬೋಟು:
ಉತ್ತರ ದಕ್ಷಿಣ ಮಾತ್ರ ಗೊತ್ತಾಗುತ್ತಿತ್ತು. ಪೂರ್ವ ಪಶ್ಚಿಮ ಅಂದಾಜು. ಮೊದಲು ಧ್ರುವ ನಕ್ಷತ್ರದ ಎತ್ತರ ಅಳೆಯುತ್ತಿದ್ದರು. ಭೂಮಧ್ಯರೇಖೆ ದಾಟಿದ ಮೇಲೆ ಅದು ಕಾಣುವುದಿಲ್ಲ. ಆಗ ಮಧ್ಯಾಹ್ನದ ಸೂರ್ಯನೇ ಗತಿ. ಆದರೆ ಸೂರ್ಯ ದಿನಾ ಜಾಗ ಬದಲಿಸುತ್ತಾನೆ, ಅದಕ್ಕೆ ಪಟ್ಟಿ ಬೇಕು. ಆ ಪಟ್ಟಿಗಳನ್ನು ಲೆಕ್ಕ ಹಾಕಿಕೊಟ್ಟವನು ಅಬ್ರಹಾಂ ಜಕುಟೊ ಎಂಬ ಯಹೂದಿ ಖಗೋಳ ಪಂಡಿತ. ಸ್ಪೇನಿನಿಂದ ಯಹೂದಿಗಳನ್ನು ಓಡಿಸಿದಾಗ ಪೋರ್ಚುಗಲ್‌ಗೆ ಬಂದವನು. ಅವನ ಪಂಚಾಂಗ 1496ರಲ್ಲಿ ಲೈರಿಯಾ ಪಟ್ಟಣದಲ್ಲಿ ಅಚ್ಚಾಯಿತು. ಅದೇ ವರ್ಷ ದೊರೆ ಮನುಯೆಲ್ ಯಹೂದಿಗಳು ದೇಶ ಬಿಡಬೇಕು ಅಂತ ಆಜ್ಞೆ ಹೊರಡಿಸಿದ. ದಾರಿ ತೋರಿಸಿದವನೇ ಊರು ಬಿಡಬೇಕಾಯಿತು.

ಸಿರ್ಸಿ ಮೆಣಸು:
ನಾನು ಬೆಳೆಗಾರ. ನನ್ನ ಪ್ರಶ್ನೆ ಸರಳ. ಮೆಣಸು ಕೊಳ್ಳಲು ಬಂದವರು ಏನು ಕೊಟ್ಟು ಕೊಂಡರು? ಅವರ ಹತ್ತಿರ ನಮಗೆ ಬೇಕಾದ್ದು ಏನಿತ್ತು?

ಲೆಕ್ಕದ ಪುಸ್ತಕ:
ಏನೂ ಇರಲಿಲ್ಲ. ಇಡೀ ಕಥೆಯ ಕೀಲಿಯೇ ಇದು ಅಂತ ನನ್ನ ಅಭಿಪ್ರಾಯ.

ಗಾಮನ ಹಡಗಿನಲ್ಲಿದ್ದ ಒಬ್ಬ ಬರೆದ ದಿನಚರಿ ಉಳಿದಿದೆ. ಕಲ್ಲಿಕೋಟೆಯ ಸಾಮೂದಿರಿಗೆ, ನಮ್ಮ ಪುಸ್ತಕಗಳಲ್ಲಿ ಜಾಮೊರಿನ್, ಕೊಡಲು ಜೋಡಿಸಿದ ಕಾಣಿಕೆಯ ಪಟ್ಟಿ ಅದರಲ್ಲಿದೆ. ಪಟ್ಟೆ ಬಟ್ಟೆ 12 ತುಂಡು, ಕೆಂಪು ಕುಲಾವಿ 4, ಟೋಪಿ 6, ಹವಳದ ಸರ 4, ಕೈ ತೊಳೆಯುವ ಬೋಗುಣಿ 6, ಒಂದು ಪೆಟ್ಟಿಗೆ ಸಕ್ಕರೆ, ಎರಡು ಪೀಪಾಯಿ ಎಣ್ಣೆ, ಎರಡು ಪೀಪಾಯಿ ಜೇನು. ನೋಡಲು ಬಂದ ಅರಮನೆಯ ಅಧಿಕಾರಿಗಳು ನಕ್ಕುಬಿಟ್ಟರು. ಮೆಕ್ಕಾದಿಂದ ಬರುವ ಅತಿ ಬಡ ವ್ಯಾಪಾರಿಯೂ ಇದಕ್ಕಿಂತ ಜಾಸ್ತಿ ಕೊಡುತ್ತಾನೆ, ದೊರೆಗೆ ಕೊಡುವುದಾದರೆ ಚಿನ್ನ ಕೊಡು ಅಂದರು. ಹೊರಡುವಾಗ ಸಾಮೂದಿರಿ ತಾಳೆಗರಿಯ ಮೇಲೆ ಪತ್ರ ಬರೆಸಿ ಕಳಿಸಿದ. ನಮ್ಮಲ್ಲಿ ದಾಲ್ಚಿನ್ನಿ, ಲವಂಗ, ಶುಂಠಿ, ಮೆಣಸು, ರತ್ನ ಧಾರಾಳವಾಗಿದೆ, ನಿಮ್ಮಿಂದ ಬೇಕಾದ್ದು ಚಿನ್ನ, ಬೆಳ್ಳಿ, ಹವಳ, ಕೆಂಪು ಬಟ್ಟೆ. ಅಷ್ಟೇ ಅದರ ಸಾರ.

ಹಾಗಾಗಿ ಅವರು ಮುಂದೆ ತಂದದ್ದು ಎಲ್ಮಿನಾದ ಚಿನ್ನ, ಆಂಟ್‌ವರ್ಪ್ ಪೇಟೆಯಲ್ಲಿ ಜರ್ಮನ್ ಸಾಹುಕಾರರಿಂದ ಕೊಂಡ ತಾಮ್ರ, ಬೆಳ್ಳಿ. ಲಿಸ್ಬನ್‌ಗೆ ಬಂದ ಮೆಣಸು ಅದೇ ಆಂಟ್‌ವರ್ಪ್‌ನಲ್ಲಿ ಮಾರಾಟವಾಗುತ್ತಿತ್ತು. ಆಫ್ರಿಕಾದ ಚಿನ್ನ ಸಿಗದೇ ಇದ್ದಿದ್ದರೆ ಭಾರತದ ದಾರಿ ಗೊತ್ತಾಗಿಯೂ ಪ್ರಯೋಜನವಿರಲಿಲ್ಲ. ಒಂದು ಹಂತದ ಲಾಭ ಮುಂದಿನ ಹಂತಕ್ಕೆ ಬಂಡವಾಳ. ಮಡೀರಾದ ಸಕ್ಕರೆ, ಗುಲಾಮರು, ಚಿನ್ನ, ಆಮೇಲೆ ಮೆಣಸು.

ಸಿರ್ಸಿ ಮೆಣಸು:
ಸರಿ. ಆದರೆ ದುಡ್ಡು ಕೊಟ್ಟು ಕೊಂಡವರೇ ಆಗಿದ್ದರೆ ಯಾರೂ ಅವರ ಮೇಲೆ ಸಿಟ್ಟಾಗುತ್ತಿರಲಿಲ್ಲ ಅಲ್ವಾ? ಅರಬರು, ಗುಜರಾತಿಗಳು ನೂರಾರು ವರ್ಷ ಕೊಂಡರು.

ನಿವೃತ್ತ ಮೇಷ್ಟ್ರು:
ಅಲ್ಲೇ ಇರುವುದು ವಿಷಯ. ಹಿಂದೂ ಮಹಾಸಾಗರದಲ್ಲಿ ಬಂದರಿಗೆ ಸುಂಕ ಕಟ್ಟುವುದು ಇತ್ತು, ಕಡಲುಗಳ್ಳರೂ ಇದ್ದರು. ಆದರೆ ಇಡೀ ಸಮುದ್ರವೇ ನನ್ನದು ಅಂದ ದೊರೆ ಇರಲಿಲ್ಲ. ಪೋರ್ಚುಗೀಸರು ಹಾಗಂದರು. ತೋಪು ಹೊತ್ತ ಹಡಗು ನಿಲ್ಲಿಸಿ, ಹಾದುಹೋಗುವ ಪ್ರತಿ ಹಡಗೂ ತಮ್ಮಿಂದ ಕಾರ್ಟಾಜ್ ಎಂಬ ರಹದಾರಿ ಪಡೆಯಬೇಕು ಅಂದರು. ಹಡಗಿನ ಹೆಸರು, ನಾಯಕ, ಸರಕು, ಹೋಗುವ ಊರು ಎಲ್ಲ ಅದರಲ್ಲಿ ಬರೆದಿರುತ್ತಿತ್ತು. ತಮ್ಮ ಕೋಟೆಯಿರುವ ಬಂದರಿಗೆ ಬಂದು ಸುಂಕ ಕಟ್ಟಬೇಕು. ರಹದಾರಿ ಇಲ್ಲದಿದ್ದರೆ ಹಡಗು ಜಪ್ತಿ. ನಮ್ಮ ಹೆದ್ದಾರಿಯಲ್ಲಿ ರಸ್ತೆ ಮಾಡಿದವನು ಟೋಲ್ ಕೇಳುತ್ತಾನೆ, ಇವರು ರಸ್ತೆಯನ್ನೂ ಮಾಡಿರಲಿಲ್ಲ. ಅಕ್ಬರನ ಕಾಲದಲ್ಲಿ ಸೂರತ್‌ನಿಂದ ಹೋಗುವ ಹಜ್ ಹಡಗುಗಳಿಗೂ ಈ ಚೀಟಿ ಬೇಕಿತ್ತು.

ಹೆದರಿಸಲು ಏನು ಮಾಡಿದರು ಅನ್ನುವುದಕ್ಕೆ 1502 ಒಂದೇ ಸಾಕು. ಗಾಮ ಎರಡನೇ ಸಲ ಬಂದಾಗ ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಮೀರಿ ಎಂಬ ಹಡಗನ್ನು ಮಲಬಾರ್ ತೀರದಲ್ಲಿ ತಡೆದ. ನೂರಾರು ಜನ, ಹೆಂಗಸರು ಮಕ್ಕಳು. ಸರಕು ದೋಚಿ ಬೆಂಕಿ ಕೊಟ್ಟ. ಹೆಂಗಸರು ಕೂಸುಗಳನ್ನು ಎತ್ತಿ ಹಿಡಿದು ಕರುಣೆ ತೋರಿಸಿ ಅಂತ ಬೇಡಿದ್ದನ್ನು ಅವನ ದಂಡಿನಲ್ಲೇ ಇದ್ದ ಥೊಮೆ ಲೋಪೆಸ್ ಬರೆದಿಟ್ಟಿದ್ದಾನೆ.

ಸುಮ್ನೆ ಓದುಗ:
ನಮ್ಮ ಕರಾವಳಿಗೆ ಬನ್ನಿ ಮೇಷ್ಟ್ರೇ. ಸೈಂಟ್ ಮೇರಿಸ್ ದ್ವೀಪದಲ್ಲಿ ಗಾಮ ಇಳಿದಿದ್ದ ಅನ್ನೋದು ಕಥೆಯೋ ನಿಜವೋ?

ಮಲ್ಪೆ ಬೋಟು:
ಇದಕ್ಕೆ ನಾನೇ ಹೇಳ್ತೇನೆ. ಮೊದಲು ದ್ವೀಪಕ್ಕೆ ಬಂದು ಶಿಲುಬೆ ನೆಟ್ಟು, ಆಮೇಲೆ ಕಲ್ಲಿಕೋಟೆಗೆ ಹೋದ ಅಂತ ಪ್ರವಾಸಿಗಳಿಗೆ ಹೇಳುವುದಿದೆ. ಆ ದಿನಚರಿಯ ಪ್ರಕಾರ ಅದು ಹೋಗುವಾಗ ಅಲ್ಲ, ವಾಪಸ್ ಬರುವಾಗ. ಕಲ್ಲಿಕೋಟೆ ಬಿಟ್ಟು ಉತ್ತರಕ್ಕೆ ಬರುತ್ತ 1498ರ ಸೆಪ್ಟೆಂಬರ್ 15ರಂದು ದಡದಿಂದ ಎರಡು ಲೀಗ್ ದೂರದ ಕೆಲವು ಪುಟ್ಟ ದ್ವೀಪಗಳ ಹತ್ತಿರ ನಿಂತು, ಒಂದರ ಮೇಲೆ ಸಾಂತಾ ಮರಿಯಾ ಹೆಸರಿನ ಕಲ್ಲುಕಂಬ ನೆಟ್ಟರು ಅಂತ ಇದೆ. ಯಾವ ದ್ವೀಪ ಅಂತ ಅದರಲ್ಲಿ ಬೇರೆ ಗುರುತಿಲ್ಲ. ಹೆಸರು ಉಳಿದದ್ದು ನಮ್ಮ ಮಲ್ಪೆಯ ದ್ವೀಪಕ್ಕೆ. ಕಂಬದಂಥ ಕಪ್ಪು ಬಂಡೆಗಳು ಮಾತ್ರ ಅವನಿಗಿಂತ ಎಷ್ಟೋ ಕೋಟಿ ವರ್ಷ ಹಳೆಯವು.

ಅಲ್ಲಿಂದ ಅವರು ಹೋದದ್ದು ಅಂಜುದೀವಕ್ಕೆ, ಕಾರವಾರದ ಎದುರಿನ ದ್ವೀಪ. ಹಡಗಿನ ತಳ ಕೆರೆದು, ಸಿಹಿನೀರು ತುಂಬಿಸಿಕೊಂಡರು. ಅಕ್ಟೋಬರ್ ಮೊದಲ ವಾರ ಹೊರಟರು. ಇಲ್ಲಿ ಗಾಮ ಕೆಟ್ಟ. ಬರುವಾಗ ಮಲಿಂಡಿಯಿಂದ ಗೊತ್ತಿದ್ದ ನಾವಿಕನನ್ನು ಕರೆದುಕೊಂಡು ಪಡುಗಾಳಿಯಲ್ಲಿ 23 ದಿನಕ್ಕೆ ಅರಬ್ಬಿ ಸಮುದ್ರ ದಾಟಿದ್ದ. ಆ ನಾವಿಕ ಗುಜರಾತಿನವನು ಅಂತ ಪೋರ್ಚುಗೀಸ್ ಬರಹಗಳಲ್ಲಿದೆ. ವಾಪಸ್ ಹೋಗಲು ಮೂಡಗಾಳಿ ನೆಲೆಗೊಳ್ಳುವವರೆಗೆ ಕಾಯಬೇಕು. ಅದು ಈ ಕರಾವಳಿಯ ಯಾವ ತಂಡೇಲನನ್ನು ಕೇಳಿದ್ದರೂ ಹೇಳುತ್ತಿದ್ದ. ಅವನು ಕಾಯಲಿಲ್ಲ. ದಾಟಲು ಹತ್ತಿರ ಹತ್ತಿರ ಮೂರು ತಿಂಗಳು. ತರಕಾರಿ, ಹಣ್ಣು ಇಲ್ಲದೆ ವಸಡು ಬಾತು ಹಲ್ಲು ಮುಚ್ಚಿಹೋಯಿತು, ಕಾಲು ಊದಿತು. ಸುಮಾರು 30 ಜನ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸ ಮಾಡಬಲ್ಲವರು ಏಳೆಂಟು ಮಂದಿ ಉಳಿದರು. ನಡೆಸಲು ಜನ ಸಾಲದೆ ಸಾವ್ ರಫಾಯೆಲ್ ಹಡಗನ್ನು ಅವರೇ ಸುಟ್ಟರು.

ಸಿರ್ಸಿ ಮೆಣಸು:
ಹೊನ್ನಾವರದ ತಿಮ್ಮಯ್ಯನ ವಿಷಯ ಬಿಡಬೇಡಿ. ಪೋರ್ಚುಗೀಸರು ತಿಮೋಜ ಅನ್ನುತ್ತಿದ್ದ ನೌಕಾನಾಯಕ. 1510ರಲ್ಲಿ ಆಲ್ಬುಕರ್ಕ್ ಕೆಂಪು ಸಮುದ್ರದ ಕಡೆ ಹೊರಟಿದ್ದ. ಗೋವಾದಲ್ಲಿ ಬಿಜಾಪುರದ ಕಾವಲು ಸಡಿಲವಾಗಿದೆ, ಮೊದಲು ಅದನ್ನು ಹಿಡಿ ಅಂತ ಹೇಳಿ ಜೊತೆಗೆ ಹೋದವನು ತಿಮ್ಮಯ್ಯ. ಫೆಬ್ರವರಿಯಲ್ಲಿ ಹಿಡಿದರು, ಕೆಲವೇ ತಿಂಗಳಲ್ಲಿ ಕಳೆದುಕೊಂಡರು, ನವೆಂಬರ್ 25ಕ್ಕೆ ಮತ್ತೆ ಹಿಡಿದರು. ಅವನಿಗೂ ಲೆಕ್ಕಾಚಾರ ಇತ್ತು, ಬಿಜಾಪುರದ ಮೇಲೆ ಹಳೆಯ ಸಿಟ್ಟಿತ್ತು. ಈಗ ಕೂತು ಅವನನ್ನು ದ್ರೋಹಿ ಅನ್ನುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಆ ಹೊತ್ತಿಗೆ ಕರಾವಳಿಯಲ್ಲಿ ಪ್ರತಿಯೊಬ್ಬರೂ ಒಬ್ಬರ ವಿರುದ್ಧ ಇನ್ನೊಬ್ಬರನ್ನು ಬಳಸುತ್ತಿದ್ದರು. ವಿಜಯನಗರದ ಅರಸರೂ ಅಷ್ಟೇ.

ಲೆಕ್ಕದ ಪುಸ್ತಕ:
ವಿಜಯನಗರಕ್ಕೆ ಬೇಕಿದ್ದದ್ದು ಕುದುರೆ. ನಮ್ಮ ಹವೆಯಲ್ಲಿ ಯುದ್ಧದ ಕುದುರೆ ಚೆನ್ನಾಗಿ ಬೆಳೆಯುವುದಿಲ್ಲ, ಹೋರ್ಮುಜ್ ಕಡೆಯಿಂದ ತರಿಸಬೇಕು. ಮೊದಲು ಅವು ಭಟ್ಕಳದಲ್ಲಿ ಇಳಿಯುತ್ತಿದ್ದವು. ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನುನಿಜ್ ಹಂಪಿಯಲ್ಲಿ ಇದ್ದು ಹೋದವನು. ಅವನು ಬರೆದದ್ದು ನೋಡಿ. ಸಾಳುವ ನರಸಿಂಹ ಸಾವಿರ ಪರ್ದಾವೊಗೆ (ಚಿನ್ನದ ನಾಣ್ಯ) ಮೂರರಂತೆ ಕುದುರೆ ಕೊಳ್ಳುತ್ತಿದ್ದ, ಬದುಕಿದ್ದರೂ ಸತ್ತರೂ. ದಾರಿಯಲ್ಲಿ ಸತ್ತಿದ್ದರೆ ಬಾಲ ತಂದು ತೋರಿಸಿದರೆ ಸಾಕು, ಪೂರ್ತಿ ಬೆಲೆ. ಈಗಿನ ಯಾವ ವಿಮಾ ಕಂಪನಿ ಇಷ್ಟು ಸಲೀಸಾಗಿ ದುಡ್ಡು ಕೊಡುತ್ತದೆ!

ಆಲ್ಬುಕರ್ಕ್ ಇದನ್ನು ಚೆನ್ನಾಗಿ ತಿಳಿದುಕೊಂಡ. ಕುದುರೆ ಹಡಗುಗಳೆಲ್ಲ ಗೋವಾಕ್ಕೇ ಬರಬೇಕು ಅಂತ ಮಾಡಿದ. ಒಂದು ಕಡೆ ಸುಂಕ, ಇನ್ನೊಂದು ಕಡೆ ವಿಜಯನಗರ, ಬಿಜಾಪುರ ಇಬ್ಬರೂ ಕುದುರೆಗಾಗಿ ಇವನನ್ನೇ ಕೇಳಬೇಕು. ಕುದುರೆ ತಮಗೆ ಮಾತ್ರ ಕೊಡಬೇಕು ಅನ್ನುವುದು ವಿಜಯನಗರದ ಆಸೆ. 1547ರಲ್ಲಿ ಸದಾಶಿವರಾಯನ ಕಾಲದಲ್ಲಿ ಹಾಗೊಂದು ಒಪ್ಪಂದವೂ ಆಯಿತು. ಭಟ್ಕಳಕ್ಕೆ ಇದು ದೊಡ್ಡ ಪೆಟ್ಟು.

ತೇಜೋ ದಂಡೆ:
ಒಂದು ಅನುಮಾನ. ಮೆಣಸಿನ ವ್ಯಾಪಾರ ಪೂರ್ತಿ ಅವರ ಕೈಗೆ ಬಂತು ಅಂತ ಇಲ್ಲಿ ಎಲ್ಲರೂ ನಂಬಿಕೊಂಡಿದ್ದಾರೆ. ನಿಜವಾ?

ನಿವೃತ್ತ ಮೇಷ್ಟ್ರು:
ಇಲ್ಲಮ್ಮ. ಮೊದಲ ಎರಡು ಮೂರು ದಶಕ ವೆನಿಸ್‌ಗೆ ಕಷ್ಟವಾಯಿತು. ಆದರೆ ಆಲ್ಬುಕರ್ಕ್ 1513ರಲ್ಲಿ ಏಡನ್ ಹಿಡಿಯಲು ಹೋಗಿ ಸೋತ. ಕೆಂಪು ಸಮುದ್ರದ ಬಾಗಿಲು ತೆರೆದೇ ಉಳಿಯಿತು. 1550-60ರ ಹೊತ್ತಿಗೆ ಅಲೆಕ್ಸಾಂಡ್ರಿಯಾಕ್ಕೆ ಮೊದಲಿನಷ್ಟೇ ಮೆಣಸು ಬರುತ್ತಿತ್ತು. ಮಲಬಾರಿನ ಮಾಪಿಳ್ಳೆ ವ್ಯಾಪಾರಿಗಳು, ಸುಮಾತ್ರಾದ ಅಚೆ ಸುಲ್ತಾನರು ಸಾಗಿಸುತ್ತಲೇ ಇದ್ದರು. ಪೋರ್ಚುಗೀಸ್ ಅಧಿಕಾರಿಗಳೇ ಕೈ ಬೆಚ್ಚಗೆ ಮಾಡಿಕೊಂಡು ಬಿಡುತ್ತಿದ್ದರು ಅನ್ನುವುದೂ ಇದೆ. ಸುಮಾರು 10 ಲಕ್ಷ ಜನಸಂಖ್ಯೆಯ ದೇಶ ಮೊಜಾಂಬಿಕ್‌ನಿಂದ ಮಕಾವ್‌ವರೆಗೆ ಕಾವಲು ಕಾಯುವುದು ಆಗುವ ಮಾತಾ?

ಅವರ ನಿಜವಾದ ಸಂಪಾದನೆ ಏಷ್ಯಾದ ಒಳಗಿನ ವ್ಯಾಪಾರದಲ್ಲಿ, ಸುಂಕದಲ್ಲಿ. ಗುಜರಾತಿನ ಬಟ್ಟೆ ಮಲಕ್ಕಾಕ್ಕೆ, ಚೀನಾದ ರೇಷ್ಮೆ ಮಕಾವ್‌ನಿಂದ ಜಪಾನಿನ ನಾಗಸಾಕಿಗೆ, ಅಲ್ಲಿಂದ ಬೆಳ್ಳಿ ವಾಪಸ್. ಲಿಸ್ಬನ್ ಕಾಣದೆಯೇ ಸಾಹುಕಾರರಾದ ಪೋರ್ಚುಗೀಸರು ಎಷ್ಟೋ ಜನ.

ಸೀಮೆಸುಣ್ಣ:
ಇಷ್ಟು ಜನ ಗೋವಾದಲ್ಲಿ ಕೂತರೆ ಊಟಕ್ಕೆ ಏನು? ಗೋವಾ ಸಣ್ಣ ಜಾಗ, ಸುತ್ತ ಬಿಜಾಪುರದವರು.

ಮಲ್ಪೆ ಬೋಟು:
ನಮ್ಮ ಅಕ್ಕಿ! ಬಸ್ರೂರು, ಮಂಗಳೂರು, ಹೊನ್ನಾವರ, ಭಟ್ಕಳ. ಗಾಮ 1502ರಲ್ಲೇ ಭಟ್ಕಳವನ್ನು ಹೆದರಿಸಿ ವರ್ಷ ವರ್ಷ ಅಕ್ಕಿ ಕಪ್ಪ ಕೊಡಬೇಕು ಅಂತ ಒಪ್ಪಿಸಿದ್ದ. ಮುಂದೆ ಕೆನರಾ ಅಕ್ಕಿ ತುಂಬಿದ ದೋಣಿಗಳು ಸಾಲುಗಟ್ಟಿ, ಕಾವಲು ಹಡಗಿನ ಜೊತೆ ಗೋವಾಕ್ಕೆ ಹೋಗುತ್ತಿದ್ದವು. ಹೋರ್ಮುಜ್, ಮಸ್ಕತ್‌ಗೂ ಈ ಅಕ್ಕಿಯೇ. ಆಳಲು ಬಂದವರ ಅನ್ನ ನಮ್ಮ ಬೈಲು ಗದ್ದೆಯದ್ದು.

ಮೆಣಸೂ ಇತ್ತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಅನ್ನುತ್ತಿದ್ದರು. 1568-69ರಲ್ಲಿ ಮಂಗಳೂರು, ಹೊನ್ನಾವರ, ಬಸ್ರೂರು ಮೂರೂ ಕಡೆ ಅವರ ಕೋಟೆ ಬಂತು. ತಾಳಿಕೋಟೆ ಯುದ್ಧವಾಗಿ ನಾಲ್ಕೈದು ವರ್ಷದೊಳಗೆ. ಮೇಲಿನ ದೊರೆ ದುರ್ಬಲವಾದದ್ದು ನೋಡಿಕೊಂಡೇ ಬಂದರು.

ಸಿರ್ಸಿ ಮೆಣಸು:
ಅದೇ ಕೋಟೆಗಳನ್ನು ಕೆಳದಿಯ ಶಿವಪ್ಪ ನಾಯಕ 1650ರ ದಶಕದ ಮೊದಲ ವರ್ಷಗಳಲ್ಲಿ ಕಿತ್ತುಕೊಂಡ. ನಮ್ಮ ಕಡೆ ಕಥೆ ಅಲ್ಲಿಗೆ ಮುಗಿಯಿತು ಅಂತ ಹೇಳುತ್ತಾರೆ. ಮುಗಿಯಿತಾ?

ನಿವೃತ್ತ ಮೇಷ್ಟ್ರು:
ಮುಗಿಯಲಿಲ್ಲ. ಆಗಿನ ಪರಿಸ್ಥಿತಿ ನೋಡಿ. 1622ರಲ್ಲಿ ಇಂಗ್ಲಿಷರ ಸಹಾಯದಿಂದ ಪರ್ಷಿಯಾದ ಷಾ ಹೋರ್ಮುಜ್ ಕಿತ್ತುಕೊಂಡ. ಡಚ್ಚರು 1641ರಲ್ಲಿ ಮಲಕ್ಕಾ, 1656ರಲ್ಲಿ ಕೊಲಂಬೊ, 1663ರಲ್ಲಿ ಕೊಚ್ಚಿ ಹಿಡಿದರು. ಡಚ್ಚರಿಗೆ ಗೋವಾ ದಾರಿಯೇ ಬೇಕಾಗಲಿಲ್ಲ. 1611ರಲ್ಲಿ ಹೆಂಡ್ರಿಕ್ ಬ್ರೌವರ್ ಆಫ್ರಿಕಾದ ತುದಿಯಿಂದ ಇನ್ನೂ ದಕ್ಷಿಣಕ್ಕೆ ಇಳಿದು, ಅಲ್ಲಿನ ಜೋರು ಪಡುಗಾಳಿ ಹಿಡಿದು ಸೀದಾ ಜಾವಾಕ್ಕೆ ಹೋದ. ಬೋಟಣ್ಣನಿಗೆ ಇದು ಖುಷಿ ಕೊಡಬಹುದು. ಗೋವಾಕ್ಕೆ ಹಡಗು ಬರುವ ಕಾಲ ಗೊತ್ತಿದ್ದರಿಂದ ಡಚ್ಚರು 1636ರಿಂದ ವರ್ಷ ವರ್ಷ ಸರಿಯಾಗಿ ಆ ತಿಂಗಳುಗಳಲ್ಲೇ ಗೋವಾದ ಮಾಂಡೋವಿ ನದಿಯ ಬಾಯಿಗೆ ಬಂದು ಅಡ್ಡ ನಿಲ್ಲುತ್ತಿದ್ದರು.

ಹೀಗೆ ಎಲ್ಲ ಕಡೆ ಕಳೆದುಕೊಂಡ ಗೋವಾಕ್ಕೆ ಅಕ್ಕಿಯಂತೂ ಬೇಕೇ ಬೇಕು. ಕೆಳದಿಯವರಿಗೂ ಅಕ್ಕಿ ಕೊಳ್ಳುವವರು ಬೇಕು. 1670ರ ದಶಕದಲ್ಲಿ ಎರಡೂ ಕಡೆಯವರು ಕೂತು ಒಪ್ಪಂದ ಮಾಡಿಕೊಂಡರು. ಮಂಗಳೂರಿನಲ್ಲಿ ಪೋರ್ಚುಗೀಸರ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ಮತ್ತೆ ಬಂತು. ಈ ಸಲ ಕೆಳದಿ ಅರಸರ ಅಪ್ಪಣೆ ಪಡೆದು.